ಅಕ್ಷರಕ್ಕೆ ಐದು ರೂಪಾಯಿ

ಪೆಟ್ಟಿಗೆ ತಿರುಗಿಸಿ ಅಪ್ಪ ಬೆಲೆ ಓದಿದರು.
ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ.
ಐದು ಲೀಟರಿನ ಕುಕ್ಕರು, ಅದೇ ಕಂಪನಿ, ಅದೇ ಕರಿ ಹಿಡಿ;
ಹುಬ್ಬಳ್ಳಿಯ ಹೋಲ್‌ಸೇಲಿನವ ನಮಗೆ ಹಾಕುವ ದರಕ್ಕಿಂತ
ನೂರಾ ನಲವತ್ತು ಕಡಿಮೆ.
"ಮನೆ ಬಾಗಿಲಿಗೇ ತಂದುಕೊಡ್ತಾರೆ" ಅಂದಳು ಹುಡುಗಿ,
ತಪ್ಪೊಪ್ಪಿಕೊಂಡ ಹಾಗೆ.
"ಹೆಸರು ಮಾತ್ರ ಹಾಕಿಕೊಡಲ್ಲ. ಅಕ್ಕನ ಹೊಸ ಮನೆಗೆ.
ಧರಣೇಂದ್ರಯ್ಯನವರ ಹತ್ರ ಹೋಗು ಅಂದ್ರು ಅಜ್ಜಿ."

ಹೌದು, ಹಾಕುತ್ತೇವೆ. ಅಜ್ಜನ ಕಾಲದಿಂದ.
ಗಾಂಧಿ ಬಜಾರಿನ ಸುತ್ತ ಯಾರ ಮನೆಯ ಲೋಟ ಮಗುಚಿದರೂ
ಅಪ್ಪನ ಕೈಬರಹ:
ಉಳಿಯ ಏಟಿನ ಚುಕ್ಕಿ ಚುಕ್ಕಿ ಸಾಲು,
ದೀರ್ಘ ಬಂದಲ್ಲೆಲ್ಲ ಸ್ವಲ್ಪ ಬಾಲ ಎತ್ತಿದ್ದು.
ಕೊಂಡವರಿಗೆ ಪುಕ್ಕಟೆ.
ಕೊಳ್ಳದವರು ಇದುವರೆಗೆ ಕೇಳಿರಲಿಲ್ಲ.

ಲೆಕ್ಕ ಬರೆಯುವವಳು ನಾನು.
ಬ್ಯಾಂಕಿನ ಓಡಿಗೆ ಬಡ್ಡಿ ಇಪ್ಪತ್ತೆಂಟರೊಳಗೆ: ಹನ್ನೊಂದು ಸಾವಿರದ ಆರುನೂರು.
ಪಿಗ್ಮಿ ಎತ್ತುವ ಸತ್ಯಪ್ಪ ಈಗೀಗ ಮೆಟ್ಟಿಲು ಹತ್ತುವುದಿಲ್ಲ,
ರಸ್ತೆಯಲ್ಲೇ ನಿಂತು ಹುಬ್ಬೆತ್ತುತ್ತಾನೆ.
ನಾನು ತಲೆಯಾಡಿಸಿದರೆ ಮುಂದಿನ ಅಂಗಡಿ.
ಅಟ್ಟದ ಮೇಲಿನ ನಾಲ್ಕು ಹಿತ್ತಾಳೆ ಕೊಳಗ
ಹೋದ ತಿಂಗಳು ತೂಕಕ್ಕೆ ಹೋದವು.
ಮುರಿದುಬಿದ್ದ ಮದುವೆಯವು, ಮುಂಗಡ ಕೊಟ್ಟು ಬಿಟ್ಟುಹೋದದ್ದು.
ಒಬ್ಬಳ ಹೆಸರು ಕೂತ ಮೇಲೆ ಇನ್ನೊಬ್ಬಳು ಕೊಂಡಾಳೇ?
ಗುಜರಿಯವನು ಓದಲೂ ಇಲ್ಲ.

ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ.
ಐದೂವರೆಗೆ ಅಪ್ಪ ಅರ್ಧ ಬಾಗಿಲು ಎಳೆದು ಮನೆಗೆ ಹೊರಟರೆ
ದುರ್ಗಿಗುಡಿಯ ಮೂರಂತಸ್ತಿನ ಮಳಿಗೆಗೆ ಆಗ ದೀಪ,
ಆಗಲೇ ಜನ.
"ಡಬ್ಬಿ ತರ್ತೀನಿ, ಇಲ್ಲೇ ಉಣ್ಣಿ" ಅಂತ ಅಣ್ಣ ಹೇಳಿ ನೋಡಿದ.
ಗಿರಾಕಿಯೆದುರು ಬಾಯಾಡಿಸುವುದೇ? ಬೇಡ.

"ಎಷ್ಟು ಕೊಡ್ಲಿ?" ಹುಡುಗಿ ಪರ್ಸು ಬಿಚ್ಚಿದಳು.
ಅಪ್ಪ ಉಳಿ ಹುಡುಕುವ ನೆಪದಲ್ಲಿ ಡ್ರಾಯರಿಗೆ ಬಗ್ಗಿದರು.
ನಾನೇ ಅಂದೆ: "ಅಕ್ಷರಕ್ಕೆ ಐದು."
ನನ್ನ ದನಿ ನನಗೇ ಹೊಸತು.
"ಹೆಸರು?"
"ಜ್ಯೋತ್ಸ್ನಾ."

ಯ ಒತ್ತು, ಸ ಒತ್ತು, ಅದರ ಕೆಳಗೆ ನ ಒತ್ತು.
ಮನಸ್ಸಿನಲ್ಲೇ ಕೂಡಿಸಿದೆ, ಐದೈದಲೆ ಇಪ್ಪತ್ತೈದು.
ಅಷ್ಟರಲ್ಲಿ ಡ್ರಾಯರಿನೊಳಗಿಂದ ಅಪ್ಪ:
"ಎರಡೇ ಅಕ್ಷರ. ಹತ್ತು ರೂಪಾಯಿ ಕೊಡಮ್ಮ."

ಎಷ್ಟು ಜನ ಜ್ಯೋತ್ಸ್ನಾ ಬೇಕು ಈ ತಿಂಗಳ ಬಡ್ಡಿಗೆ?
ಲೆಕ್ಕ ಮಾಡಿದೆ. ಸಾವಿರದ ನೂರಾ ಅರವತ್ತು.

ಅವರು ಕೂತರು, ಕುಕ್ಕರನ್ನು ಮಡಿಲಿಗೆಳೆದು.
ಟಕ್ ಟಕ್. ಒತ್ತಿನ ಕೆಳಗಿನ ಒತ್ತಿಗೆ ಉಸಿರು ಬಿಗಿಹಿಡಿದು.
ಎದುರು ಮೊಬೈಲ್ ಅಂಗಡಿಯ ಬೋರ್ಡಿನಿಂದ ಬಿಸಿಲು ಇಳಿಯಿತು,
ಆಮೇಲೆ ರಸ್ತೆಯಿಂದ.
"ಅಪ್ಪಾ, ಊಟ" ಅಂದೆ. ಕೇಳಲಿಲ್ಲವೋ ಏನೋ.

ಬೀದಿದೀಪ ಹತ್ತಿದ ಮೇಲೆ ಹುಡುಗಿ ಹೋದಳು.
ಇನ್ನು ನಾಳೆ ಬೆಳಗಿನವರೆಗೆ ಅವರಿಗೆ ತುತ್ತಿಲ್ಲ.
ಹತ್ತು ರೂಪಾಯಿ ಯಾವ ಬಾಬ್ತಿಗೆ ಬರೆಯಲಿ ಅಂತ
ನಾನು ಪೆನ್ನು ಹಿಡಿದು ಕೂತಿದ್ದರೆ
ಅಪ್ಪ ಮಡಿಲಿನ ಪುಡಿ ಕೊಡವುತ್ತ ಅಂದರು:
"ಹಿಡಿಯ ಸ್ಕ್ರೂ ಸಡಿಲ ಇತ್ತು ಕಣೇ.
ಬಿಗಿ ಮಾಡಿದೆ."