ಸಂಶಯದ ಮೇಲೆ

ವಾಸ್ಕೋದ ಸ್ಟೇಷನ್ ರಸ್ತೆಯಲ್ಲಿ, ಜೆರಾಕ್ಸ್ ಅಂಗಡಿಗೂ
ಒಣಮೀನಿನ ಗೋದಾಮಿಗೂ ನಡುವೆ
ಎಂಟಡಿ ಅಗಲ ನನ್ನ ದುಕಾನು.
ಸತ್ತ ಕೀಬೋರ್ಡು, ಗೊರಕೆ ಹೊಡೆವ ಫ್ಯಾನು,
ಉಪ್ಪುಗಾಳಿಗೆ ಹಸಿರುಗಟ್ಟಿದ ಮದರ್‌ಬೋರ್ಡು.

ಝುವಾರಿನಗರದ ಹುಡುಗ ದಾವಲ್
ಮಧ್ಯಾಹ್ನ ಮೂರಕ್ಕೆ ಬಂದು
ಜೇಬಿನಿಂದ ಪೆನ್‌ಡ್ರೈವ್ ತೆಗೆದ,
ಗೂಡಿನಿಂದ ತತ್ತಿ ತೆಗೆದ ಹಾಗೆ.
"ಅಣ್ಣಾ, ನಿಮ್ಮ ಮಷಿನ್‌ನ್ಯಾಗ ಒಮ್ಮೆ ಓಡಿಸಿ ನೋಡ್ರಿ.
ಆಟ. ನಾನ ಮಾಡೀನಿ."

ಹೆಸರು ದಡ.
ಒಂದು ನದಿ, ಒಂದು ಫೆರಿ,
ಸ್ಕೂಟರು, ಬಂಗಡೆ ಬುಟ್ಟಿ, ಪಾವ್ ಮಾರುವವನ ಸೈಕಲ್ಲು,
ಹಗ್ಗ ಹರಿದುಕೊಂಡ ಒಂದು ಎಮ್ಮೆ.
ತೂಕ ತಪ್ಪದಂತೆ ಎಲ್ಲರನ್ನೂ ನಿಲ್ಲಿಸಿ
ಆಚೆ ಮುಟ್ಟಿಸಬೇಕು.
ಎಮ್ಮೆ ಮಾತ್ರ ಯಾರ ಮಾತೂ ಕೇಳುವುದಿಲ್ಲ.
ಹದಿನಾಲ್ಕು ತಿಂಗಳು ಕೂತು ಮಾಡಿದ್ದಂತೆ.

ಇದೆಲ್ಲ ಅವನು ಹೇಳಿದ್ದು. ನಾನು ಕಂಡದ್ದಿಷ್ಟು:
ಎರಡು ಸಲ ಒತ್ತಿದೆ,
ಮೂಲೆಯಲ್ಲಿ ಕೆಂಪು ಚೌಕ ಎದ್ದಿತು.
ಅಪಾಯ ಪತ್ತೆಯಾಗಿದೆ. ಕ್ರಮ ಕೈಗೊಳ್ಳಲಾಗಿದೆ.
ಪೆನ್‌ಡ್ರೈವ್ ತೆರೆದರೆ
ದಡವೇ ಇಲ್ಲ.

ಹುಡುಗನ ಮುಖ ನೋಡಿದೆ.
ಸುಳ್ಳೇಕೆ, ನಾನೂ ಸಂಶಯದಿಂದಲೇ ನೋಡಿದೆ.
ಹೋದ ವರ್ಷ ಯಾರೋ ತಂದ ಪುಕ್ಕಟೆ ಕ್ರಿಕೆಟ್ ಆಟ
ಬಾಯ್ಣಾದ ಫೋಟೋ ಸ್ಟುಡಿಯೋದವನ
ಏಳು ಮದುವೆಗಳನ್ನು ಒಂದೇ ರಾತ್ರಿ ನುಂಗಿತ್ತು.
ಅಂದಿನಿಂದ ಯಾವ ಆಟ ಬಂದರೂ
ಹೊಸ್ತಿಲಾಚೆ ನಿಲ್ಲು ಅನ್ನುತ್ತೇನೆ.

"ಏನ್ ಮಾಡೇತ್ರಿ ಅದು?"
ಏನೂ ಮಾಡಿಲ್ಲ. ವಿವರ ಒತ್ತಿದರೆ ಅಲ್ಲೇ ಇತ್ತು:
ಸಹಿ ಇಲ್ಲ. ಪರಿಚಯ ಇಲ್ಲ.
ಲೋಕದಲ್ಲಿ ಇದನ್ನು ತೆರೆದವರೇ ಇಲ್ಲ,
ಆದ್ದರಿಂದ ತೆರೆಯಬೇಡಿ.
ಸಹಿ ಬೇಕೆಂದರೆ ವರ್ಷವರ್ಷ ದುಡ್ಡು ಕಟ್ಟಬೇಕು.
ಸಾವಿರಾರು ಜನ ಆಡಿದರೆ ಹೆದರಿಕೆ ತಾನಾಗಿ ಇಳಿಯುತ್ತದೆ.
ಆಡಗೊಟ್ಟರಲ್ಲವೇ ಆಡುವುದು.

ನಾನು ಈ ಊರಿಗೆ ಬಂದ ವರ್ಷ
ಬಾಡಿಗೆ ಕೋಣೆ ಕೇಳಲು ಹೋದಾಗ
ಯಾವೂರು ಎಂದಳು ಒಬ್ಬ ಬಾಯಿ. ಮುಂಡರಗಿ ಎಂದೆ.
ಒಳಗೆ ತಿರುಗಿ "ಘಾಟಿ" ಎಂದು ಯಾರಿಗೋ ಹೇಳಿ
ಎರಡು ಫೋಟೋ ತಾ, ಠಾಣೆಯ ಫಾರ್ಮ್ ತಾ ಎಂದಳು.
ಇರಲಿ. ಕೆಲಸಕ್ಕೆ ಬರೋಣ.

ಕಾವಲುಗಾರನನ್ನು ಆಫ್ ಮಾಡಲಿಲ್ಲ.
ಅವನನ್ನು ಮಲಗಿಸಿ ನೆಂಟರನ್ನು ಕರೆಯುವುದು
ನೆಂಟರಿಗೂ ಮರ್ಯಾದೆಯಲ್ಲ.
ಲಾಕಪ್ಪಿನಿಂದ ದಡವನ್ನು ಬಿಡಿಸಿ
ಅರವತ್ತು ಚಿಲ್ಲರೆ ತಪಾಸಣೆಗಾರರ ಮುಂದೆ ನಿಲ್ಲಿಸಿದೆ.
ಉಳಿದವರು ಸುಮ್ಮನಿದ್ದರು. ನಾಲ್ವರು ಬೆರಳು ತೋರಿಸಿದರು,
ನಾಲ್ಕು ಬೇರೆ ಬೇರೆ ಹೆಸರಿನಿಂದ.
ಒಂದು ಕೂಸಿಗೆ ನಾಲ್ಕು ಹೆಸರು,
ಒಂದೂ ಹೆತ್ತವ್ವ ಇಟ್ಟದ್ದಲ್ಲ.

ಕಂಪನಿಗೆ ಅರ್ಜಿ ಬರೆದೆವು.
ಮಾನ್ಯರೇ, ಇದು ಬರೀ ಆಟ, ಯಾರ ಫೈಲನ್ನೂ ಮುಟ್ಟುವುದಿಲ್ಲ.
"ಎಮ್ಮಿ ಐತಿ ಅಂತ ಬರೀರಿ ಅಣ್ಣಾ" ಎಂದ.
ಬರೆದೆ.

ಮೂರನೇ ದಿನ ಒಂದೂವರೆ ಸಾಲಿನ ಉತ್ತರ:
ಪರಿಶೀಲಿಸಿದ್ದೇವೆ. ತಪ್ಪು ಪತ್ತೆ. ಪಟ್ಟಿಯಿಂದ ತೆಗೆಯಲಾಗಿದೆ.
ಕ್ಷಮಿಸಿ ಎಂದೇನೂ ಇರಲಿಲ್ಲ,
ನಾವೂ ಹುಡುಕಲಿಲ್ಲ.
ಶಟರ್ ಅರ್ಧ ಇಳಿಸಿ ರಾತ್ರಿ ಹತ್ತರವರೆಗೆ ಆಡಿದೆವು.
ಆರು ಸಲ ಎಮ್ಮೆ ನದಿಗೆ ಹಾರಿತು.
ಏಳನೇ ಸಲ ಅದರ ಹಿಂದೆ ಇಡೀ ಫೆರಿ,
ಬಂಗಡೆಗಳು ಮಾತ್ರ ಖುಷಿಯಾಗಿ ಈಜಿ ಹೋದವು.

ರವಿವಾರ ಮತ್ತೆ ಬಂದ. ಕಣ್ಣಲ್ಲಿ ನಿದ್ದೆಯಿಲ್ಲ.
"ಈಗ ಬಾಲ ಅಲ್ಲಾಡಸ್ತೈತ್ರಿ."
ಅಷ್ಟೇ ಬದಲಾವಣೆ, ಒಂದು ಬಾಲ.
ಎರಡು ಸಲ ಒತ್ತಿದೆ.
ಕೆಂಪು ಚೌಕ.

ಬಾಲ ಅಲುಗಿದ್ದಕ್ಕೆ ಮೈಯ ಗುರುತೇ ಬೇರೆಯಾಗಿ
ದಡ ಮತ್ತೆ ಅಪರಿಚಿತ.
ಬೈಯುತ್ತಾನೆ ಅಂದುಕೊಂಡೆ, ಅಳುತ್ತಾನೆ ಅಂದುಕೊಂಡೆ.
ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಕೂತ,
ಕೀಬೋರ್ಡನ್ನು ತನ್ನತ್ತ ತಿರುಗಿಸಿಕೊಂಡ.

"ಫಾರಂ ತಗೀರಿ ಅಣ್ಣಾ.
ಈ ಸಲ ನಾನ ತುಂಬತೀನಿ.
ಮನ್ಯಾಗ ಎಲ್ಲಾರದೂ ನಾನ ತುಂಬೋದು."