ನೀರುಗಂಟಿ ಲೆಕ್ಕ

ತೂಬಿನ ಕೀಲಿ ನಮ್ಮ ಮನೆಯ ಗೂಟದಲ್ಲಿ ತೂಗುತ್ತಿತ್ತು,
ಗದ್ದೆ ಮಾತ್ರ ಯಾರ್ಯಾರದೋ.
ಅಜ್ಜ ಪುಟ್ಟಮಾದಯ್ಯ ಕೋಳಿ ಕೂಗುವ ಮುಂಚೆ ಎದ್ದು
ಊರಿನ ಭತ್ತಕ್ಕೆಲ್ಲ ನೀರು ಕುಡಿಸಿ ಬಂದು
ಜಗಲಿಯ ಕೆಳಗೆ ನಿಂತು
ಬೊಗಸೆಯೊಡ್ಡಿ ಕುಡಿಯುತ್ತಿದ್ದ,
ಮೇಲಿನಿಂದ ಹುಯ್ಯುವವರು ಹುಯ್ದಷ್ಟು.

ಮಳವಳ್ಳಿ ಕಡೆಯ ನಮ್ಮೂರಲ್ಲಿ
ಜಗಲಿಗೆ ಮೂರು ಮೆಟ್ಟಿಲು.
ಯಾವುದರ ಮೇಲೆ ಯಾರು, ಯಾವುದರ ಕೆಳಗೆ ಯಾರು,
ಎಲ್ಲೂ ಬರೆದಿರಲಿಲ್ಲ. ಎಲ್ಲರಿಗೂ ಬಾಯಿಪಾಠ.

ಈ ಬೇಸಿಗೆ ಕೆರೆ ಬತ್ತಿ
ನಡುವೆ ಎಮ್ಮೆ ಬೆನ್ನಿನಷ್ಟು ನೀರು ಉಳಿದಾಗ
ಗೋಡು ಎತ್ತುವ ಮಾತು ಬಂತು.
ಸಭೆ ಎಲ್ಲಿ? ಜಗಲಿಯಲ್ಲಿ, ಎಂದಿನ ಹಾಗೆ.
ಕೊನೆ ಗದ್ದೆಯ ಕೆಂಪಾಜಮ್ಮ,
ಗೌಡರ ಪೈಕಿಯೇ, ಇರುವುದು ಆರು ಕುಂಟೆ,
ಎಲೆಯಡಿಕೆ ಉಗಿದು ಅಂದಳು:
"ಕೆರೆ ಮಾತ ಕೆರೆ ತಾವೇ ಆಡಾನ ಬನ್ರಪ್ಪ.
ಅಲ್ಲಿ ಮೆಟ್ಲಿಲ್ಲ, ನನ್ ಮಂಡಿನೂ ಸರಿಯಿಲ್ಲ."

ಏರಿಯ ಮೇಲೆ ಕೂತೆವು.
ಗೊದ್ದ ಯಾರನ್ನೂ ಕೇಳದೆ ಎಲ್ಲರನ್ನೂ ಕಚ್ಚಿತು.
ಪಂಪ್‌ಸೆಟ್ಟಿನ ಹೊಂಬೇಗೌಡರು ಕೆಮ್ಮಿ
ಗೋಡಿನ ಪಾಲು ಎಕರೆ ಲೆಕ್ಕದಲ್ಲಿ ಅಂದರು.
ಎಕರೆಯೇ ಇಲ್ಲದವರು?
ಬೆಳ್ಳಕ್ಕಿಯೊಂದು ಕೆಸರಲ್ಲಿ ಕಾಲು ಬದಲಿಸಿತು.

ಬಳೆ ಮಾರುವ ಖಮರುನ್ನೀಸಾ
"ನನಗೊಂದು ಮಂಕರಿ ಸಾಕು, ನುಗ್ಗೆ ಬುಡಕ್ಕೆ" ಎಂದಾಗ
ನಗು ಬಂತು, ನಗುವಿನ ಹಿಂದೆಯೇ ದಾರಿ:
ಮೊದಲು ಮನೆಗಿಷ್ಟು, ಆಮೇಲೆ ಎಕರೆಗಿಷ್ಟು.
ನೀರು ಇನ್ನು ಕೊನೆ ಗದ್ದೆಯಿಂದ ಶುರು.
ಇದಕ್ಕೆ ಮೂರು ರಾತ್ರಿ ಜಗಳ, ಒಂದು ಜೊತೆ ಚಪ್ಪಲಿ ನಾಪತ್ತೆ.
ಕಬ್ಬಿನವರು ಇನ್ನೂ ಪೂರಾ ಒಪ್ಪಿಲ್ಲ.

ನಲವತ್ತು ದಿನ ಹೊತ್ತೆವು.
ತಳದಲ್ಲಿ ಸಿಕ್ಕಿದ್ದು: ಎರಡು ಕುಡುಗೋಲು, ತೂತಾದ ತಂಬಿಗೆ,
ಯಾವುದೋ ಕಲ್ಲುದೇವರ ಮುರಿದ ಕೈ,
ಲೆಕ್ಕವಿಲ್ಲದಷ್ಟು ಪ್ಲಾಸ್ಟಿಕ್ಕು.

ಈಗ ಸಂಜೆ ಏರಿಯ ಮೇಲೆ
ಹುಡುಗರು ತಮಟೆ ಕಾಯಿಸುತ್ತಾರೆ.
ಪೂಜಾ ಕುಣಿತ ಕಲಿಯುವವರಲ್ಲಿ ಹೊಂಬೇಗೌಡರ ಮೊಮ್ಮಗಳಿದ್ದಾಳೆ,
ಖಮರುನ್ನೀಸಾಳ ಮಗ ಗೆಜ್ಜೆ ಕಟ್ಟಿಕೊಂಡು ದಿನಾ ಹೆಜ್ಜೆ ತಪ್ಪುತ್ತಾನೆ.
ಜಗಲಿ ಹಾಗೇ ಇದೆ, ಮೂರು ಮೆಟ್ಟಿಲ ಸಮೇತ.
ನಾಯಿ ಮಲಗುತ್ತದೆ.

ಕೀಲಿ ಈಗ ನನ್ನ ಕೈಲಿ.
ಮೊನ್ನೆ ತೂಬು ಎತ್ತಿ ನೀರಿನ ಹಿಂದೆಯೇ ನಡೆದೆ,
ಕೊನೆ ಗದ್ದೆ ಮುಟ್ಟುವಾಗ ಬೆಳಕು ಹರಿದಿತ್ತು.
ಬದುವಿನ ಮೇಲೆ ಕೂತಿದ್ದ ಕೆಂಪಾಜಮ್ಮ ಚೊಂಬು ಚಾಚಿದಳು.
ನನಗೇ ತಿಳಿಯದೆ ಬೊಗಸೆಯಾಯಿತು ಕೈ,
ಅಜ್ಜನ ಕೈ.
"ಥೂ, ಚೊಂಬೇ ತಕ್ಕಳಮ್ಮಿ" ಅಂದಳು.