ಸೊಹಾರ್, ಮೂರನೇ ಗೇಟು

ಮೊದಲ ಸಭೆಯಲ್ಲಿ ಕಹ್ವಾ ಬಂತು.
ಹಿಡಿಯಿಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಒಂದೇ ಗುಟುಕು.
ಕುಡಿದೆ. ತುಂಬಿದರು. ಕುಡಿದೆ. ತುಂಬಿದರು.
ಬೇಡವೆಂದರೆ ಒರಟಾದೀತೆಂದು ಏಳು ಬಟ್ಟಲು ಕುಡಿದೆ.
ಏಳು ಕೆಲಸಗಳನ್ನೂ ಹಾಗೇ ಒಪ್ಪಿಕೊಂಡೆ,
ಎಲ್ಲವೂ ಗುರುವಾರದೊಳಗೆ.
ಆ ರಾತ್ರಿ ನಿದ್ದೆ ಬರಲಿಲ್ಲ,
ಯಾವ ಏಳರಿಂದಲೋ.

ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕಿತ್ತು, ಅಷ್ಟೇ,
ಸಾಕು ಅಂತ ಅರ್ಥ, ಎಂದಳು ಶಂಸಾ,
ಎಂಟು ತಿಂಗಳ ಮೇಲೆ, ಲಿಫ್ಟಿನಲ್ಲಿ.

ನನ್ನ ಕೋಡು ಚೆನ್ನಾಗಿತ್ತು.
ಜಂಬಕ್ಕಲ್ಲ, ದಾಖಲೆಗೆ ಹೇಳುತ್ತಿದ್ದೇನೆ.
ಬಂದರಿನ ಗೇಟಿನಲ್ಲಿ ಲಾರಿ ನಿಲ್ಲುತ್ತದೆ,
ಡ್ರೈವರಿನ ಕಾರ್ಡು, ನಮ್ಮ ಪಟ್ಟಿ, ಹೆಸರಿಗೆ ಹೆಸರು:
ಕೂಡಿದರೆ ಹಸಿರು, ಇಲ್ಲದಿದ್ದರೆ ಕೆಂಪು.
ನಾಲ್ಕು ಸಲ ದೂರು ಬಂತು, ನಾಲ್ಕೂ ಶುಕ್ರವಾರ.
ರಜೆಯ ದಿನದ ಸೋಮಾರಿಗಳು ಎಂದುಕೊಂಡೆ.
‘ವ್ಯವಸ್ಥೆ ವಿನ್ಯಾಸದಂತೆಯೇ ಇದೆ’ ಎಂದು ಬರೆದು ಮುಚ್ಚಿದೆ.
ಆ ವಾಕ್ಯ ಎಷ್ಟು ನುಣ್ಣಗಿತ್ತೆಂದರೆ
ಮುಂದಿನ ಮೂರು ಸಲ ಅದನ್ನೇ ಅಂಟಿಸಿದೆ.

ಶಂಸಾ ಬೈಯಲಿಲ್ಲ. ಪರದೆಯನ್ನು ಒಮ್ಮೆ ನೋಡಿದಳು.
‘ನಾಳೆ ಹನ್ನೆರಡರಿಂದ ಮೂರು, ಗೇಟಿನಲ್ಲಿ ಕೂತುಕೋ.
ಲ್ಯಾಪ್‌ಟಾಪು ಬೇಡ.’

ಜುಲೈ. ಹೊರಗೆ ಡಾಂಬರು ಕಾಲಿಗೆ ಅಂಟುತ್ತಿತ್ತು.
ಒಳಗೆ ಏಸಿಯ ನೀರು ತೊಟ್ಟಿಕ್ಕಿ ಬಕೆಟ್ಟು ತುಂಬುತ್ತಿತ್ತು.
ಗುಮಾಸ್ತ ಸುಲೇಮ್ ನನಗೆ ಕುರ್ಚಿ ಕೊಟ್ಟು
ತಾನು ನೀರಿನ ಪೆಟ್ಟಿಗೆಯ ಮೇಲೆ ಕೂತ.
ಕೆಂಪು ಬಂದಾಗಲೆಲ್ಲ ಡ್ರಾಯರಿನಿಂದ ಒಂದು ನೋಟ್‌ಬುಕ್ಕು ತೆಗೆದು,
ಬೆರಳಿಟ್ಟು, ಕಂಡುಹಿಡಿದು, ಕೈಯಿಂದಲೇ ಗೇಟು ಎತ್ತಿದ.
ಎಡಗಡೆ ಕಾರ್ಡಿನ ಹೆಸರು, ಬಲಗಡೆ ನಮ್ಮ ಪಟ್ಟಿಯ ಹೆಸರು,
ನೀಲಿ ಶಾಯಿಯಲ್ಲಿ, ಎರಡು ವರ್ಷದ್ದು.

ಶುಕ್ರವಾರ ರಜೆ ಇದ್ದದ್ದು ಅವನಿಗೆ.

ನಮ್ಮ ಇಡೀ ವ್ಯವಸ್ಥೆ
ಆ ನೋಟ್‌ಬುಕ್ಕಿನ ಮೇಲೆ ಓಡುತ್ತಿತ್ತು.

ಒಬ್ಬನ ಹೆಸರು ಅದರಲ್ಲೂ ಇರಲಿಲ್ಲ. ಹೊಸಬ, ಸ್ವಾತ್ ಕಣಿವೆಯವನು.
ಕಾರ್ಡಿನಲ್ಲಿ ಜಮೀನ್ ಗುಲ್, ನಮ್ಮಲ್ಲಿ ಗುಲ್ ಜಮಿನ್.
ಹಿಂದೆ ಈರುಳ್ಳಿಯ ಕಂಟೇನರು, ಹಿಂದಿನ ಲಾರಿಗಳ ಹಾರನ್ನು.
‘ಮಾಫಿ ಮುಶ್ಕಿಲ್’ ಎಂದು ನಕ್ಕ ನನ್ನ ಕಡೆ.
ತೊಂದರೆಯಿಲ್ಲ ಎಂದರೆ ತೊಂದರೆ ಇದೆ ಎಂದು
ಅವನ ಖಾಲಿ ನೀರಿನ ಬಾಟಲಿ ನೋಡಿ ತಿಳಿಯಿತು.
ಹೆಸರು ಅಕ್ಷರಕ್ಕಕ್ಷರ ಕೂಡಬೇಕು ಯಾಕೆಂದರೆ...
ಎಂದು ವಿವರಿಸಲು ಬಾಯಿ ತೆರೆದೆ.
ಮುಚ್ಚಿದೆ. ಆಮೇಲೆ ಕೇಳಿದೆ:
ನಿಮ್ಮ ಹೆಸರನ್ನು ನೀವು ಹೇಗೆ ಹೇಳುತ್ತೀರಿ?
ಅವನು ಹೇಳಿದ,
ಆಚೆ ಗುಡ್ಡದಲ್ಲಿರುವ ಯಾರನ್ನೋ ಕೂಗುವ ಹಾಗೆ.

ದುರಸ್ತಿಗೆ ನಲವತ್ತು ಸಾಲು, ಒಂದು ಮಧ್ಯಾಹ್ನ.
ಕಾಗದಕ್ಕೆ ಎರಡು ದಿನ.
‘ತಾಂತ್ರಿಕ ಕಾರಣಗಳಿಂದ’ ಎಂದು ಶುರುಮಾಡಿ ಅಳಿಸಿದೆ.
‘ಗೇಟಿನವರು ಸರಿಯಾಗಿ ತಿಳಿಸದ ಕಾರಣ’:
ಇದನ್ನು ಅಳಿಸುವಾಗ ಸುತ್ತ ಯಾರಾದರೂ ಇದ್ದಾರೆಯೇ ಎಂದು ನೋಡಿದೆ.
ಕೊನೆಗೆ ಉಳಿದದ್ದು ಇಷ್ಟು:
ನಾಲ್ಕು ಸಲ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ.
ಸುಲೇಮ್ ಅವರ ಪುಸ್ತಕ ನೋಡಿ ಸರಿಪಡಿಸಿದ್ದೇವೆ.

ಮುಂದಿನ ಸಭೆಯಲ್ಲಿ ಮತ್ತೆ ಕಹ್ವಾ, ಮತ್ತೆ ಗುರುವಾರ.
ಮೂರನೆಯ ಗುಟುಕಿನ ನಂತರ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿದೆ.
ಗುರುವಾರ ಆಗದು, ಎಂದೆ, ಮಂಗಳವಾರ ಕೊಡುತ್ತೇನೆ.
ಯಾರೂ ಸಾಯಲಿಲ್ಲ.
ಒಬ್ಬರು ಮಂಗಳವಾರ ಎಂದು ಬರೆದುಕೊಂಡರು.

ಆ ಸಂಜೆಯೇ ಗೇಟಿನಿಂದ ಉತ್ತರ ಬಂತು, ಒಂದು ಸಾಲು:
ಎಲ್ಲ ಸರಿ ಮುಹಂದಿಸ್, ಆದರೆ ನಾನು ಸುಲಯ್ಯಿಮ್.
ಯ-ಗೆ ಒತ್ತು ಇದೆ.

ಒಂದು ಒತ್ತು ಬಿಟ್ಟರೆ ಕತ್ತೆ ಕತೆಯಾಗುವ
ಭಾಷೆಯಿಂದ ಬಂದವಳು ನಾನು.
ತಿಳಿದಿರಬೇಕಿತ್ತು.